ಹಾನಿಯ ಲೆಕ್ಕ, ಚೇತರಿಕೆಯ ಲೆಕ್ಕ: ಭುಜ್ ನಗರದ ಭೂಕಂಪ ದಾಖಲೆಗಳ ಸ್ವರೂಪ

ಭೂಕಂಪವು ಒಂದು ನಗರವನ್ನು ಕೆಡವಲು ಒಂದೆರಡು ನಿಮಿಷ ಸಾಕು. ಅದೇ ನಗರ ಮತ್ತೆ ನೆಲೆಗೊಳ್ಳಲು ಹತ್ತಿಪ್ಪತ್ತು ವರ್ಷಗಳು ಬೇಕು. ದಾಖಲೆಗಳ ವಿಷಯದಲ್ಲಿ ಮಾತ್ರ ಈ ಪ್ರಮಾಣ ತಿರುಗುಮುರುಗಾಗುತ್ತದೆ. ಕುಸಿತದ ಕ್ಷಣವನ್ನು ಕುರಿತು ವರದಿ, ಛಾಯಾಚಿತ್ರ, ನಕ್ಷೆ, ಅಂಕಿಅಂಶಗಳು ರಾಶಿರಾಶಿಯಾಗಿ ದೊರೆಯುತ್ತವೆ. ಚೇತರಿಕೆಯ ದೀರ್ಘ ವರ್ಷಗಳನ್ನು ಕುರಿತ ಬರಹ ವಿರಳವಾಗಿದ್ದು, ಅದೂ ಬೇರೆ ಬೇರೆ ಕಚೇರಿಗಳ ಕಡತಗಳಲ್ಲಿ ಚದುರಿಹೋಗಿರುತ್ತದೆ. ನಗರಚರಿತ್ರೆಯ ಅಭ್ಯಾಸಿಗೆ ಇದು ಆಕರಗಳ ಕೊರತೆಯ ಪ್ರಶ್ನೆಯಷ್ಟೇ ಅಲ್ಲ. ಯಾವ ದಾಖಲೆಯನ್ನು ಯಾರು, ಯಾವ ಉದ್ದೇಶಕ್ಕಾಗಿ ಸಿದ್ಧಪಡಿಸಿದರು, ಆ ಉದ್ದೇಶದಿಂದಾಗಿ ಅದರಲ್ಲಿ ಕಾಣದೆಹೋದುದು ಏನು ಎಂಬ ವಿಮರ್ಶೆಯ ಪ್ರಶ್ನೆಯೂ ಹೌದು.

ಗುಜರಾತಿನ ಕಚ್ಛ ಜಿಲ್ಲೆಯ ಮುಖ್ಯ ಪಟ್ಟಣವಾದ ಭುಜ್ ಈ ಬಗೆಯ ಅಧ್ಯಯನಕ್ಕೆ ತಕ್ಕ ನಿದರ್ಶನ. ಎರಡು ಶತಮಾನಗಳೊಳಗೆ ಅದು ಎರಡು ಮಹಾಭೂಕಂಪಗಳಿಗೆ ತುತ್ತಾಯಿತು: 1819ರ ಜೂನ್ 16ರದು ಒಂದು, 2001ರ ಜನವರಿ 26ರದು ಇನ್ನೊಂದು. ಇವೆರಡರ ದಾಖಲೆಗಳನ್ನು ಒಟ್ಟಿಗಿಟ್ಟು ನೋಡಿದಾಗ ಒಂದು ಮುಖ್ಯ ಸಂಗತಿ ಸ್ಪಷ್ಟವಾಗುತ್ತದೆ. 1819ರ ದಾಖಲೆ ನಡೆದುಹೋದುದನ್ನು ವರ್ಣಿಸಿತು. 2001ರ ದಾಖಲೆ ಅದರ ಜೊತೆಗೆ ಮುಂದೆ ನಡೆಯಬೇಕಾದುದನ್ನು ನಿರ್ಧರಿಸಿತು. ಒಂದು ಮನೆಯ ಎದುರಿಗೆ ಬರೆದ ಒಂದು ಅಂಕೆಯು ಆ ಕುಟುಂಬದ ಮುಂದಿನ ವರ್ಷಗಳ ಸ್ವರೂಪವನ್ನೇ ತೀರ್ಮಾನಿಸಿತು. ಈ ವ್ಯತ್ಯಾಸವನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

1. ನಗರ ಮತ್ತು ನೆಲ

ಭುಜ್ ಹದಿನಾರನೆಯ ಶತಮಾನದ ನಡುವಿನಲ್ಲಿ, ಒಂದನೆಯ ರಾವ್ ಖೆಂಗಾರ್‌ಜಿಯ ಕಾಲದಲ್ಲಿ, ಜಾಡೇಜಾ ರಾಜರ ರಾಜಧಾನಿಯಾಯಿತು. ಪೂರ್ವಕ್ಕೆ ಭುಜಿಯಾ ಗುಡ್ಡ, ಪಶ್ಚಿಮಕ್ಕೆ ಹಮೀರ್‌ಸರ ಕೆರೆ, ಇವುಗಳ ನಡುವೆ ಕೋಟೆಗೋಡೆಯಿಂದ ಆವೃತವಾದ ಹಳೆಯ ಊರು. ಕೋಟೆಯೊಳಗೆ ಇಕ್ಕಟ್ಟಾದ ಓಣಿಗಳು, ಮುಂದೆ ದಾರಿಯಿಲ್ಲದೆ ಕೊನೆಗೊಳ್ಳುವ ಕೇರಿಗಳು, ಒಂದಕ್ಕೊಂದು ಅಂಟಿಕೊಂಡ ಕಲ್ಲಿನ ಮನೆಗಳು. ಹದಿನೆಂಟನೆಯ ಶತಮಾನದಲ್ಲಿ ರಾವ್ ಲಖ್‌ಪತ್‌ಜಿಯ ಕಾಲಕ್ಕೆ ಸೇರಿದ ಆಯಿನಾ ಮಹಲ್, ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದ ಪ್ರಾಗ್ ಮಹಲ್ ಇವು ಅರಮನೆಯ ಆವರಣದ ಹೆಸರಾಂತ ಕಟ್ಟಡಗಳು. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಕೋಟೆಯ ಹೊರಗೆ ಕಾಂಕ್ರೀಟಿನ ಬಹುಮಹಡಿ ವಸತಿ ಕಟ್ಟಡಗಳು ಎದ್ದವು.

ಹೀಗೆ 2001ರ ಹೊತ್ತಿಗೆ ಭುಜ್‌ನಲ್ಲಿ ಎರಡು ಬಗೆಯ ಕಟ್ಟಡ ಪರಂಪರೆಗಳು ಅಕ್ಕಪಕ್ಕದಲ್ಲಿದ್ದವು. ಒಂದು, ಒಡ್ಡುಕಲ್ಲುಗಳನ್ನು ಮಣ್ಣಿನ ಅಥವಾ ದುರ್ಬಲ ಗಾರೆಯಿಂದ ಕಟ್ಟಿದ ದಪ್ಪ ಗೋಡೆಯ ಮನೆ. ಇನ್ನೊಂದು, ನೆಲಮಟ್ಟದಲ್ಲಿ ವಾಹನ ನಿಲುಗಡೆಗೆಂದು ಬರೀ ಕಂಬಗಳನ್ನು ಬಿಟ್ಟು ಮೇಲೆ ಮಹಡಿಗಳನ್ನು ಏರಿಸಿದ ಕಾಂಕ್ರೀಟು ಕಟ್ಟಡ. ನೆಲ ಅಡ್ಡಡ್ಡಲಾಗಿ ಜಗ್ಗಿದಾಗ ಮೊದಲನೆಯದರಲ್ಲಿ ಗೋಡೆಯ ಒಳ ಹೊರ ಪದರಗಳು ಬೇರ್ಪಟ್ಟು ಕುಸಿಯುತ್ತವೆ. ಎರಡನೆಯದರಲ್ಲಿ ಕೆಳಗಿನ ಕಂಬಗಳು ಮುರಿದು ಮೇಲಿನ ಭಾರವೆಲ್ಲ ಒಮ್ಮೆಲೇ ಇಳಿಯುತ್ತದೆ. ಇವೆರಡೂ ಬಗೆಯ ಕುಸಿತಗಳನ್ನು ಭುಜ್ ಕಂಡಿತು.

2. 1819: ನೆಲದ ಕಥೆಯಾಗಿ ಉಳಿದ ನಗರದ ಕಥೆ

1819ರ ಜೂನ್ 16ರ ಸಂಜೆ ಕಚ್ಛದ ರಣದಲ್ಲಿ ಸಂಭವಿಸಿದ ಭೂಕಂಪ ಆಧುನಿಕ ಭೂವಿಜ್ಞಾನದ ಇತಿಹಾಸದಲ್ಲಿ ಪ್ರಸಿದ್ಧವಾದುದು. ಅದೇ ವರ್ಷದ ಆರಂಭದಲ್ಲಿ ಈಸ್ಟ್ ಇಂಡಿಯಾ ಕಂಪನಿಯು ಭುಜ್‌ನ ಆಡಳಿತದಲ್ಲಿ ಕೈಹಾಕಿ, ರಾವ್ ಭಾರ್‌ಮಲ್‌ಜಿಯನ್ನು ಪದಚ್ಯುತಗೊಳಿಸಿ, ಅವನ ಬಾಲಕ ಪುತ್ರನನ್ನು ಪಟ್ಟಕ್ಕೆ ತಂದಿತ್ತು. ಕಂಪನಿಯ ಪ್ರತಿನಿಧಿಯಾಗಿದ್ದ ಕ್ಯಾಪ್ಟನ್ ಜೇಮ್ಸ್ ಮ್ಯಾಕ್‌ಮರ್ಡೋ ಈ ಭೂಕಂಪದ ವಿವರಗಳನ್ನು ಬರೆದು ಕಳುಹಿಸಿದ. ಅವು ಮುಂಬೈಯ ಲಿಟರರಿ ಸೊಸೈಟಿಯ ಪ್ರಕಟಣೆಗಳಲ್ಲಿ ಅಚ್ಚಾದವು. 1804ರಲ್ಲಿ ಸ್ಥಾಪನೆಗೊಂಡ ಈ ಸಂಸ್ಥೆಯೇ ಇಂದಿನ ಏಷಿಯಾಟಿಕ್ ಸೊಸೈಟಿ ಆಫ್ ಮುಂಬೈ. ಮುಂಬೈಯಲ್ಲಿರುವ ನಮ್ಮ ಸಂಶೋಧಕರಿಗೆ ಈ ಆಕರ ಅಷ್ಟು ದೂರದ್ದಲ್ಲ.

ಮ್ಯಾಕ್‌ಮರ್ಡೋ ಭುಜ್‌ನಲ್ಲಿ ಸುಮಾರು 7,000 ಮನೆಗಳು ಬಿದ್ದುವೆಂದೂ 1,140ರಿಂದ 1,150 ಜನ ಅವಶೇಷಗಳಡಿ ಸತ್ತರೆಂದೂ ಲೆಕ್ಕ ಕೊಟ್ಟಿದ್ದಾನೆ. ಆಡಳಿತಾಧಿಕಾರಿಯ ದೃಷ್ಟಿ ಇದರಲ್ಲಿ ಎದ್ದು ಕಾಣುತ್ತದೆ: ಮನೆಗಳೆಷ್ಟು, ಜೀವಗಳೆಷ್ಟು, ಕೋಟೆಗಳ ಸ್ಥಿತಿಯೇನು ಎಂಬುದು ಹೊಸದಾಗಿ ಅಧಿಕಾರ ಪಡೆದ ಕಂಪನಿಗೆ ತಿಳಿಯಬೇಕಿತ್ತು. ಸತ್ತವರ ಸಂಖ್ಯೆಯನ್ನು ಒಂದೇ ಅಂಕಿಯಾಗಿ ಹೇಳದೆ ಎರಡು ಅಂಕಿಗಳ ನಡುವೆ ಇರಿಸಿರುವುದು ಗಮನಾರ್ಹ. ಲೆಕ್ಕ ಮಾಡಿದವನಿಗೆ ಲೆಕ್ಕದ ಮಿತಿಯ ಅರಿವಿತ್ತೆಂಬುದಕ್ಕೆ ಇದು ಸಾಕ್ಷಿ.

ಆದರೆ ಈ ಭೂಕಂಪದ ಕೀರ್ತಿ ನಿಂತದ್ದು ಭುಜ್ ನಗರದ ಮೇಲಲ್ಲ. ರಣದ ಉತ್ತರಭಾಗದಲ್ಲಿ ಸುಮಾರು 80 ಕಿಲೋಮೀಟರ್ ಉದ್ದದ ನೆಲ ದಿಬ್ಬದಂತೆ ಮೇಲೆದ್ದಿತು. ಮನುಷ್ಯರು ಕಟ್ಟಿದ ಒಡ್ಡುಗಳಿಂದ ಇದನ್ನು ಬೇರ್ಪಡಿಸಿ ಜನ ಇದಕ್ಕೆ ಅಲ್ಲಾ ಬಂಡ್, ಎಂದರೆ ದೇವರು ಕಟ್ಟಿದ ಒಡ್ಡು, ಎಂದು ಹೆಸರಿಟ್ಟರು. ಅದರ ದಕ್ಷಿಣಕ್ಕೆ ನೆಲ ಕುಸಿದು ಸಿಂಧ್ರಿಯ ಕೋಟೆ ನೀರಿನಲ್ಲಿ ಮುಳುಗಿತು. ಭುಜ್‌ನಲ್ಲಿ ಅಧಿಕಾರಿಯಾಗಿದ್ದ ಅಲೆಕ್ಸಾಂಡರ್ ಬರ್ನ್ಸ್ 1827 ಮತ್ತು 1828ರಲ್ಲಿ ಅಲ್ಲಿಗೆ ಹೋಗಿ ಕಂಡುದನ್ನು ಬರೆದ. ಭೂವಿಜ್ಞಾನಿ ಚಾರ್ಲ್ಸ್ ಲಯೆಲ್ ಈ ವಿವರಗಳನ್ನು ತನ್ನ ಪ್ರಸಿದ್ಧ ಗ್ರಂಥದಲ್ಲಿ ಬಳಸಿಕೊಂಡ. ಭೂಮಿಯ ಮೇಲ್ಮೈ ಇಂದಿಗೂ ಏಳುಬೀಳುಗಳಿಗೆ ಒಳಗಾಗುತ್ತಿದೆ ಎಂಬ ವಾದಕ್ಕೆ ಅಲ್ಲಾ ಬಂಡ್ ಪ್ರತ್ಯಕ್ಷ ಪ್ರಮಾಣವಾಯಿತು. ಮುಂದೆ ಆರ್. ಡಿ. ಓಲ್ಡಹ್ಯಾಂ 1926ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಪ್ರಕಟಣೆಯಲ್ಲಿ ಇದೇ ಭೂಕಂಪವನ್ನು ವಿಸ್ತಾರವಾಗಿ ಪರಿಶೀಲಿಸಿದ. ನಮ್ಮ ಕಾಲದಲ್ಲಿ ಸಿ. ಪಿ. ರಾಜೇಂದ್ರನ್ ಮತ್ತು ಕುಸಲಾ ರಾಜೇಂದ್ರನ್ ಅವರು ರಣದ ಮಣ್ಣಿನ ಪದರಗಳಲ್ಲಿ ಹಳೆಯ ಕಂಪನಗಳ ಗುರುತುಗಳನ್ನು ಹುಡುಕಿದರು. ಇವರಿಬ್ಬರ ನಂತರದ ಸಂಶೋಧನೆ ಬೆಂಗಳೂರಿನ ವಿಜ್ಞಾನ ಸಂಸ್ಥೆಗಳಲ್ಲಿ ಮುಂದುವರಿಯಿತೆಂಬುದನ್ನು ಇಲ್ಲಿ ನೆನೆಯಬಹುದು.

ಈ ವಿದ್ವತ್ಪರಂಪರೆಯ ಬೆಲೆ ದೊಡ್ಡದು. ಆದರೂ ಅದರ ಗಮನವೆಲ್ಲ ನೆಲದ ಕಡೆಗೆ. ಬಿದ್ದ 7,000 ಮನೆಗಳ ಜಾಗದಲ್ಲಿ ಯಾರು, ಯಾವ ಹಣದಿಂದ, ಯಾವ ಕ್ರಮದಲ್ಲಿ ಮತ್ತೆ ಮನೆ ಕಟ್ಟಿದರೆಂಬ ಪ್ರಶ್ನೆಗೆ ಅಲ್ಲಿ ಸ್ಥಳವಿಲ್ಲ. ಊರು ಹಳೆಯ ಓಣಿಗಳ ಜಾಡಿನಲ್ಲಿಯೇ ಮತ್ತೆ ಬೆಳೆಯಿತೆಂಬುದನ್ನು ನಾವು ಅರಿಯುವುದು ಬರಹದಿಂದಲ್ಲ, 2001ರವರೆಗೆ ಉಳಿದಿದ್ದ ಊರಿನ ಆಕಾರದಿಂದ. ಅಂದರೆ 1819ರ ಚೇತರಿಕೆಗೆ ಊರೇ ದಾಖಲೆಯಾಗಿತ್ತು. 2001ರಲ್ಲಿ ಬಿದ್ದುದು ಆ ದಾಖಲೆಯೂ ಹೌದು.

3. 2001: ಮಾಪಕವಿಲ್ಲದ ಊರಿನಲ್ಲಿ ಅಳತೆ

2001ರ ಜನವರಿ 26ರ ಬೆಳಗ್ಗೆ 8 ಗಂಟೆ 46 ನಿಮಿಷಕ್ಕೆ, ಗಣರಾಜ್ಯೋತ್ಸವದ ಸಿದ್ಧತೆಯಲ್ಲಿದ್ದ ಕಚ್ಛ ಕಂಪಿಸಿತು. ಕಂಪನಕೇಂದ್ರ ಭಚಾವ್ ಪಟ್ಟಣದ ಬಳಿ, ಭುಜ್‌ನ ಪೂರ್ವಕ್ಕಿತ್ತು. ಭಾರತೀಯ ಹವಾಮಾನ ಇಲಾಖೆ ಮೊದಲು ಪ್ರಕಟಿಸಿದ ಪರಿಮಾಣ 6.9. ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ನೀಡಿದ್ದು 7.7. ಪತ್ರಿಕೆಗಳಲ್ಲಿ ಈ ವ್ಯತ್ಯಾಸ ಗೊಂದಲಕ್ಕೆ ಕಾರಣವಾಯಿತು. ವಾಸ್ತವವಾಗಿ ಇವು ಎರಡು ಬೇರೆ ಅಳತೆಗೋಲುಗಳು. ಮೊದಲನೆಯದು ಸ್ಥಳೀಯ ಪರಿಮಾಣ. ಅದು ಬಹು ದೊಡ್ಡ ಭೂಕಂಪಗಳನ್ನು ಇರುವುದಕ್ಕಿಂತ ಚಿಕ್ಕದಾಗಿ ತೋರಿಸುತ್ತದೆ. ಎರಡನೆಯದು ಬಿರುಕುಬಿಟ್ಟ ಬಂಡೆಯ ವಿಸ್ತಾರ ಮತ್ತು ಜಾರಿಕೆಯನ್ನು ಆಧರಿಸಿದ್ದು. ಹಳೆಯ ವರದಿಗಳನ್ನು ಬಳಸುವವರು ಯಾವ ಅಳತೆಗೋಲಿನ ಅಂಕಿಯೆಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಇನ್ನೊಂದು ಕೊರತೆ ಇದಕ್ಕಿಂತ ಮಹತ್ವದ್ದು. ಕಂಪನಕೇಂದ್ರದ ಸಮೀಪದಲ್ಲಿ ನೆಲದ ಜಗ್ಗಾಟವನ್ನು ಕ್ಷಣಕ್ಷಣಕ್ಕೂ ಗುರುತಿಸಬಲ್ಲ ಪ್ರಬಲಕಂಪನ ಮಾಪಕದ ದಾಖಲೆ ದೊರೆಯಲಿಲ್ಲ. ದೊರೆತ ಮುಖ್ಯ ದಾಖಲೆ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರದ ಅಹಮದಾಬಾದಿನ ಪಾಸ್‌ಪೋರ್ಟ್ ಕಚೇರಿಯ ಕಟ್ಟಡದಲ್ಲಿದ್ದ ಮಾಪಕದ್ದು. ಹೀಗಾಗಿ ಭುಜ್‌ನಲ್ಲಿ ನೆಲ ಎಷ್ಟು ಅಲುಗಿತೆಂಬುದನ್ನು ತಿಳಿಯಲು ಬಿದ್ದ ಮತ್ತು ಬೀಳದೆ ನಿಂತ ಕಟ್ಟಡಗಳನ್ನೇ ಮಾಪಕಗಳಂತೆ ಓದಬೇಕಾಯಿತು. ಪರಿಮಾಣ ಭೂಕಂಪಕ್ಕೆ ಒಂದೇ. ತೀವ್ರತೆಯಾದರೋ ಊರಿಂದೂರಿಗೆ, ಕೇರಿಯಿಂದ ಕೇರಿಗೆ ಬೇರೆ. ಅದನ್ನು ನಿರ್ಧರಿಸುವುದು ಹಾನಿಯ ಸ್ವರೂಪವನ್ನು ನೋಡಿ. ಕಟ್ಟಡದ ಹಾನಿಯನ್ನು ಎಚ್ಚರಿಕೆಯಿಂದ ಬರೆದಿಡುವುದು ವಿಜ್ಞಾನಕ್ಕೆ ಅನಿವಾರ್ಯವಾದುದು ಈ ಕಾರಣದಿಂದ.

ಮೊದಲ ವಾರಗಳಲ್ಲಿಯೇ ಭಾರತದ ಮತ್ತು ವಿದೇಶಗಳ ಎಂಜಿನಿಯರುಗಳ ತಂಡಗಳು ಕಚ್ಛಕ್ಕೆ ಬಂದವು. ಕಾನ್ಪುರದ ಐಐಟಿಯ ತಜ್ಞರೂ ಅಮೆರಿಕದ ಭೂಕಂಪ ಎಂಜಿನಿಯರಿಂಗ್ ಸಂಶೋಧನ ಸಂಸ್ಥೆಯವರೂ ಸೇರಿ ಸಿದ್ಧಪಡಿಸಿದ ವರದಿ 2002ರಲ್ಲಿ ಪ್ರಕಟವಾಯಿತು. ಭುಜ್‌ನ ಸರ್ಕಾರಿ ಆಸ್ಪತ್ರೆ ಕುಸಿದುದು, ಕಂಬಗಳ ಮೇಲೆ ನಿಂತ ವಸತಿ ಕಟ್ಟಡಗಳು ಮಡಚಿಬಿದ್ದುದು, ಅದೇ ಕಚ್ಛದ ಬನ್ನಿ ಪ್ರದೇಶದ ವರ್ತುಲಾಕಾರದ ಮಣ್ಣಿನ ಮನೆಗಳಾದ ಭೂಂಗಾಗಳು ಬಹುಮಟ್ಟಿಗೆ ಉಳಿದುದು ಇಂತಹ ವರದಿಗಳಲ್ಲಿ ಸೇರಿವೆ. ಭೂಂಗಾದ ದುಂಡನೆಯ ಗೋಡೆ ಜಗ್ಗಾಟವನ್ನು ಸುತ್ತಲೂ ಹಂಚಿಕೊಳ್ಳುತ್ತದೆ, ಮೇಲಿನ ಹುಲ್ಲಿನ ಮಾಡು ಹಗುರ. ಶಿಕ್ಷಿತ ಎಂಜಿನಿಯರಿಲ್ಲದೆ ಕಟ್ಟಿದ ಮನೆ ನಿಂತು, ಇತ್ತೀಚಿನ ಕಾಂಕ್ರೀಟು ಕಟ್ಟಡ ಬಿದ್ದುದನ್ನು ಬರೆದಿಟ್ಟುದು ಈ ವರದಿಗಳ ದೊಡ್ಡ ಕೊಡುಗೆ.

ಉಪಗ್ರಹಗಳ ಚಿತ್ರಗಳೂ ಬಳಕೆಗೆ ಬಂದವು. ರಣದಲ್ಲಿ ಮರಳುಮಿಶ್ರಿತ ನೀರು ನೆಲದಿಂದ ಉಕ್ಕಿ ಹರಿದುದನ್ನು ಅವು ಸ್ಪಷ್ಟವಾಗಿ ತೋರಿಸಿದವು. ಆದರೆ ನಗರದ ಹಾನಿಯ ಮಟ್ಟಿಗೆ ಮೇಲಿನಿಂದ ತೆಗೆದ ಚಿತ್ರಕ್ಕೆ ಒಂದು ಮಿತಿಯುಂಟು. ಕೆಳಗಿನ ಮಹಡಿ ನುಜ್ಜುಗುಜ್ಜಾಗಿ ಮೇಲಿನ ಚಾವಣಿ ಹಾಗೆಯೇ ಕೆಳಗಿಳಿದಿದ್ದರೆ ಮೇಲಿನಿಂದ ಆ ಕಟ್ಟಡ ಇಡಿಯಾಗಿಯೇ ಕಾಣುತ್ತದೆ. ಮನೆಯ ಬಾಗಿಲಿಗೆ ಹೋಗಿ ನೋಡುವ ಸಮೀಕ್ಷಕನ ಸ್ಥಾನವನ್ನು ಅದು ತುಂಬಲಾರದು.

4. ಒಂದು ಅಂಕೆಯ ತೂಕ

ಎಂಜಿನಿಯರನ ವರದಿ ಕಟ್ಟಡ ಏಕೆ ಬಿತ್ತೆಂದು ಕೇಳುತ್ತದೆ. ಸರ್ಕಾರ ಕೇಳಬೇಕಾದ ಪ್ರಶ್ನೆ ಬೇರೆ: ಈ ಮನೆಯವರಿಗೆ ಎಷ್ಟು ಹಣ ಕೊಡಬೇಕು? 2001ರ ಫೆಬ್ರವರಿಯಲ್ಲಿ ಗುಜರಾತ್ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಸ್ಥಾಪನೆಯಾಯಿತು. ವಿಶ್ವಬ್ಯಾಂಕ್ ಮತ್ತು ಏಷ್ಯಾ ಅಭಿವೃದ್ಧಿ ಬ್ಯಾಂಕುಗಳ ನೆರವೂ ಸೇರಿ ಬೃಹತ್ ಪುನರ್ನಿರ್ಮಾಣ ಕಾರ್ಯ ಆರಂಭವಾಯಿತು. ಮನೆಗಳ ಹಾನಿಯನ್ನು ಜಿ-1ರಿಂದ ಜಿ-5ರವರೆಗೆ ಐದು ದರ್ಜೆಗಳಾಗಿ ವಿಂಗಡಿಸಲಾಯಿತು. ಗಿಲಾವಿನ ಸಣ್ಣ ಬಿರುಕಿನಿಂದ ಮೊದಲಾಗಿ ಪೂರ್ಣ ಕುಸಿತದವರೆಗೆ ಈ ದರ್ಜೆಗಳ ವ್ಯಾಪ್ತಿ. ದರ್ಜೆ, ಕಟ್ಟಡದ ಬಗೆ, ಅದರ ವಿಸ್ತೀರ್ಣ ಇವುಗಳ ಮೇಲೆ ಪರಿಹಾರದ ಮೊತ್ತ ನಿಂತಿತ್ತು.

ಇಲ್ಲಿ ಕಿಲ್ಲಾರಿಯ ಅನುಭವದೊಡನೆ ಹೋಲಿಸಿ ನೋಡುವುದು ಉಪಯುಕ್ತ. 1993ರ ಸೆಪ್ಟೆಂಬರ್ 30ರಂದು ಬೀದರ್, ಕಲಬುರಗಿ ಜಿಲ್ಲೆಗಳ ನೆರೆಯ ಲಾತೂರ್ ಮತ್ತು ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಭೂಕಂಪವಾದಾಗ ಮಹಾರಾಷ್ಟ್ರ ಸರ್ಕಾರ ಇಡೀ ಹಳ್ಳಿಗಳನ್ನೇ ಎ, ಬಿ, ಸಿ ಎಂಬ ದರ್ಜೆಗಳಾಗಿ ವಿಂಗಡಿಸಿತು. ತೀವ್ರ ಹಾನಿಯ 52 ಹಳ್ಳಿಗಳು ಹೊಸ ಜಾಗಕ್ಕೆ ಸ್ಥಳಾಂತರಗೊಂಡವು. ಅಲ್ಲಿ ದಾಖಲೆಯ ಘಟಕ ಮುಖ್ಯವಾಗಿ ಹಳ್ಳಿ. ಕಚ್ಛದಲ್ಲಿ ಅದು ಮನೆ. ಜನರಿಗೆ ತಮ್ಮ ಮನೆಯನ್ನು ತಾವೇ ಕಟ್ಟಿಕೊಳ್ಳಲು ಹಣ ಕೊಡುವ ನೀತಿಗೆ ಮನೆಮನೆಯ ದಾಖಲೆ ಅಗತ್ಯವಾಗಿತ್ತು. ದಾಖಲೆಯ ಘಟಕ ಬದಲಾದಂತೆ ಜಗಳದ ಸ್ವರೂಪವೂ ಬದಲಾಗುತ್ತದೆ. ಕಿಲ್ಲಾರಿಯಲ್ಲಿ ನಮ್ಮ ಹಳ್ಳಿ ಯಾವ ದರ್ಜೆಯದೆಂಬ ಪ್ರಶ್ನೆ. ಭುಜ್‌ನಲ್ಲಿ ನೆರೆಮನೆಗೆ ಬಂದ ದರ್ಜೆ ನಮ್ಮ ಮನೆಗೇಕೆ ಬರಲಿಲ್ಲವೆಂಬ ಪ್ರಶ್ನೆ.

ಕುಸಿದುಬಿದ್ದ ಮನೆಯ ದರ್ಜೆಯನ್ನು ಕುರಿತು ವಿವಾದವಿರುವುದಿಲ್ಲ. ವಿವಾದ ಹುಟ್ಟುವುದು ಬಿರುಕುಬಿಟ್ಟು ನಿಂತಿರುವ ಮನೆಗಳಲ್ಲಿ. ಅದು ದುರಸ್ತಿಗೆ ಯೋಗ್ಯವೋ ಕೆಡವಬೇಕಾದುದೋ ಎಂಬುದನ್ನು ಅಲ್ಪಕಾಲದಲ್ಲಿ ಸಾವಿರಾರು ಮನೆಗಳಿಗೆ ತೀರ್ಮಾನಿಸಬೇಕು. ಸಹಜವಾಗಿಯೇ ಆಕ್ಷೇಪಗಳು ಬಂದು ಮರುಸಮೀಕ್ಷೆಗಳು ನಡೆದವು. ಹೀಗಾಗಿ ಒಂದೇ ಮನೆಗೆ ಎರಡು ದಿನಾಂಕಗಳ ಎರಡು ದರ್ಜೆಗಳಿರುವ ಸಂದರ್ಭಗಳುಂಟು. ಅಂಕಿಅಂಶಗಳನ್ನು ಬಳಸುವವರು ಮೊದಲ ಸಮೀಕ್ಷೆಯದನ್ನು ಬಳಸುತ್ತಿದ್ದಾರೆಯೇ ಪರಿಷ್ಕೃತವಾದುದನ್ನೇ ಎಂಬುದನ್ನು ನೋಡಬೇಕು. ಹಾನಿ ಹೆಚ್ಚಾದಷ್ಟೂ ಪರಿಹಾರ ಹೆಚ್ಚೆಂಬ ಕ್ರಮದಲ್ಲಿ ದುರಸ್ತಿಯಿಂದ ಉಳಿಯಬಹುದಾಗಿದ್ದ ಹಳೆಯ ಮನೆಯನ್ನು ಕೆಡವುವುದೇ ಮಾಲೀಕನಿಗೆ ಲೇಸಾಗಿ ತೋರುವ ಸಾಧ್ಯತೆಯೂ ಅಡಗಿದೆ. ಕೆತ್ತನೆಯ ಮರದ ತೊಲೆ, ಮುಂಚಾಚಿದ ಗವಾಕ್ಷಗಳುಳ್ಳ ಮನೆಗಳಿದ್ದ ಊರಿಗೆ ಇದು ಸಣ್ಣ ಮಾತಲ್ಲ.

ದರ್ಜೆಯ ದಾಖಲೆಯಲ್ಲಿ ಮನೆಗೆ ಸ್ಥಾನವಿತ್ತು, ಮನೆಯೊಳಗಿನ ಸಂಬಂಧಗಳಿಗೆ ಇರಲಿಲ್ಲ. ಪರಿಹಾರದ ಆಧಾರ ಒಡೆತನ. ಕೋಟೆಯೊಳಗಿನ ಊರಿನಲ್ಲಿ ಬಹುಕಾಲದಿಂದ ಅಲ್ಪ ಬಾಡಿಗೆಗೆ ಇದ್ದ ಕುಟುಂಬಗಳಿದ್ದವು. ಕಟ್ಟಡವೇ ಇಲ್ಲದಾದಾಗ ಅವರ ವಾಸದ ಹಕ್ಕಿಗೆ ಆಧಾರವೂ ಇಲ್ಲದಾಯಿತು. ಮಾಲೀಕನ ಹೆಸರಿನ ಮುಂದೆ ಜಿ-5 ಎಂದು ಬರೆದ ಸಾಲಿನಲ್ಲಿ ಬಾಡಿಗೆದಾರನ ಹೆಸರಿಲ್ಲ. ಬಾಡಿಗೆದಾರರ ಪ್ರಶ್ನೆ ಭುಜ್‌ನ ಪುನರ್ವಸತಿಯಲ್ಲಿ ಬಹುಕಾಲ ಬಗೆಹರಿಯದೆ ಉಳಿದುದಕ್ಕೆ ಹಾನಿಯನ್ನು ಬರೆದ ಕ್ರಮವೂ ಒಂದು ಕಾರಣವೆಂದು ತಿಳಿಯಬೇಕಾಗುತ್ತದೆ.

ಇದೇ ವ್ಯವಸ್ಥೆ ಚೇತರಿಕೆಯ ದಾಖಲೆಯನ್ನೂ ಸೃಷ್ಟಿಸಿತು. ಪುನರ್ನಿರ್ಮಾಣದ ಹಣ ಕಂತುಗಳಲ್ಲಿ ಸಂದಾಯವಾಗುತ್ತಿತ್ತು. ಕೆಲಸ ನಿಗದಿತ ಹಂತ ತಲುಪಿದೆ, ಭೂಕಂಪನಿರೋಧಕ ಕ್ರಮಗಳನ್ನು ಅನುಸರಿಸಲಾಗಿದೆ ಎಂದು ಎಂಜಿನಿಯರು ದೃಢಪಡಿಸಿದ ಮೇಲೆಯೇ ಮುಂದಿನ ಕಂತು. ಹೀಗೆ ಪ್ರತಿಯೊಂದು ಮನೆಗೂ ಅದು ಎದ್ದುನಿಂತ ಹಂತಗಳನ್ನು ತಿಳಿಸುವ ಪತ್ರಗಳು ಹುಟ್ಟಿಕೊಂಡವು. 1819ರ ಚೇತರಿಕೆಗೆ ಇಂತಹ ಒಂದು ಹಾಳೆಯೂ ಇಲ್ಲವೆಂಬುದನ್ನು ನೆನೆದರೆ ಇವುಗಳ ಮೌಲ್ಯ ತಿಳಿಯುತ್ತದೆ.

5. ಹಳೆಯ ನಕ್ಷೆ, ಹೊಸ ನಕ್ಷೆ

ಕೋಟೆಯೊಳಗಿನ ಊರಿನ ಸಮಸ್ಯೆ ಮನೆಗಳನ್ನು ಮತ್ತೆ ಕಟ್ಟುವುದರಿಂದ ಮಾತ್ರ ಮುಗಿಯುವಂತಿರಲಿಲ್ಲ. ಓಡಿ ಪಾರಾಗಲು ದಾರಿಯಿಲ್ಲದ ಓಣಿಗಳಲ್ಲಿಯೇ ಜನ ಸಿಕ್ಕಿಬಿದ್ದಿದ್ದರು. ಅದೇ ಓಣಿಗಳನ್ನು ಹಾಗೆಯೇ ಉಳಿಸುವುದು ಅಪಾಯಕರವೆನಿಸಿತು. ಭುಜ್ ಪ್ರದೇಶಾಭಿವೃದ್ಧಿ ಪ್ರಾಧಿಕಾರವು ಅಹಮದಾಬಾದಿನ ಎನ್ವಿರಾನ್ಮೆಂಟಲ್ ಪ್ಲಾನಿಂಗ್ ಕೊಲಾಬರೇಟಿವ್ ಸಂಸ್ಥೆಯ ನೆರವಿನಿಂದ ಹೊಸ ಯೋಜನೆಯನ್ನು ಕೈಗೊಂಡಿತು. ಯೋಜನೆ ರೂಪುಗೊಳ್ಳುವವರೆಗೆ ಕೋಟೆಯೊಳಗೆ ಕಟ್ಟಡ ಕಟ್ಟಲು ತಡೆಯಿತ್ತು.

ಬಳಸಿಕೊಂಡ ಉಪಾಯ ನಗರ ಯೋಜನಾ ಸ್ಕೀಮು. 1915ರ ಮುಂಬೈ ನಗರ ಯೋಜನಾ ಕಾಯಿದೆಯಿಂದ ಬಂದ ಈ ಕ್ರಮ ಗುಜರಾತಿನಲ್ಲಿ 1976ರ ಕಾಯಿದೆಯ ಮೂಲಕ ಉಳಿದುಕೊಂಡಿದೆ. ಇದರಲ್ಲಿ ಸರ್ಕಾರ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವುದಿಲ್ಲ. ಒಂದು ಪ್ರದೇಶದ ನಿವೇಶನಗಳನ್ನೆಲ್ಲ ಒಟ್ಟಿಗೆ ಪರಿಗಣಿಸಿ, ಪ್ರತಿಯೊಬ್ಬ ಮಾಲೀಕನಿಂದ ಒಂದಿಷ್ಟು ಭಾಗವನ್ನು ರಸ್ತೆ, ತೆರಪು ಜಾಗಗಳಿಗೆ ಪಡೆದು, ಉಳಿದುದನ್ನು ಹೊಸ ಆಕಾರದಲ್ಲಿ ಆದಷ್ಟು ಹಳೆಯ ಜಾಗದ ಸಮೀಪದಲ್ಲಿಯೇ ಹಿಂದಿರುಗಿಸಲಾಗುತ್ತದೆ. ಭುಜ್‌ನಲ್ಲಿ ಚಿಕ್ಕ ನಿವೇಶನಗಳಿಂದ ಕಡಿಮೆಯಾಗಿ, ದೊಡ್ಡವುಗಳಿಂದ ಹೆಚ್ಚಾಗಿ ಪಡೆಯುವ ಏರಿಕೆಯ ಕ್ರಮವನ್ನು ಅನುಸರಿಸಲಾಯಿತು. ಕೋಟೆಯೊಳಗೆ ಜಾಗ ಬಿಟ್ಟು ಹೋಗಲು ಒಪ್ಪಿದವರಿಗೆ ರಾವಲ್‌ವಾಡಿ, ಮುಂದ್ರಾ ರಸ್ತೆ ಮೊದಲಾದ ಹೊಸ ಬಡಾವಣೆಗಳು ಸಿದ್ಧವಾದವು.

ಇಂತಹ ಕೆಲಸಕ್ಕೆ ಮೊದಲು ಬೇಕಾದುದು ಯಾರ ನಿವೇಶನ ಎಲ್ಲಿತ್ತು, ಎಷ್ಟಿತ್ತು ಎಂಬ ಖಚಿತ ತಿಳಿವಳಿಕೆ. ಗಡಿಗೆ ಗುರುತಾಗಿದ್ದ ಗೋಡೆಗಳೇ ಬಿದ್ದಿದ್ದವು. ಅವಶೇಷಗಳನ್ನು ಸಾಗಿಸುವ ಯಂತ್ರಗಳಿಗೆ ಗಡಿಗುರುತು ತಿಳಿಯದು. ತಲೆಮಾರುಗಳಿಂದ ಪಾಲಾಗುತ್ತ ಬಂದ ಮನೆಗಳಲ್ಲಿ ಕಂದಾಯದ ಕಾಗದದ ಮೇಲಿನ ಅಳತೆಗೂ ನೆಲದ ಮೇಲಿನ ಅನುಭೋಗಕ್ಕೂ ಅಂತರವಿರುವುದು ಎಲ್ಲ ಹಳೆಯ ಊರುಗಳ ಅನುಭವ. ಆದ್ದರಿಂದ ಹೊಸ ಮೋಜಣಿ, ಹಳೆಯ ಕಾಗದಗಳ ಪರಿಶೀಲನೆ, ನಿವಾಸಿಗಳ ಆಕ್ಷೇಪಗಳ ವಿಚಾರಣೆ ಇವೆಲ್ಲ ಒಟ್ಟಿಗೆ ಸಾಗಬೇಕಾಯಿತು.

ಫಲವಾಗಿ ಭುಜ್‌ಗೆ ಅಗಲವಾದ ರಸ್ತೆಗಳು ಬಂದವು. ಕೋಟೆಯೊಳಗಿನ ಅನೇಕ ಮೊಂಡು ಓಣಿಗಳು ತೆರೆದುಕೊಂಡವು. ಇದು ಜೀವರಕ್ಷಣೆಯ ದೃಷ್ಟಿಯಿಂದ ನಿಜವಾದ ಲಾಭ. ಆದರೆ ಒಂದೇ ವೃತ್ತಿಯ, ಒಂದೇ ಸಮುದಾಯದ ಜನ ಒಂದು ಬಾಗಿಲಿನೊಳಗೆ ಬಾಳುತ್ತಿದ್ದ ಕೇರಿಯ ಆಕಾರ ಹೊಸ ನಕ್ಷೆಯಲ್ಲಿ ಇಲ್ಲ. ಈ ಕಾರಣಕ್ಕಾಗಿ ಯೋಜನೆಗೆಂದು ಸಿದ್ಧವಾದ ಮೊದಲ ಮೋಜಣಿಯ ಹಾಳೆಗಳಿಗೆ ಯೋಜಕರು ಎಣಿಸಿರದ ಎರಡನೆಯ ಬೆಲೆ ಬಂದಿದೆ. ಇಲ್ಲವಾದ ಊರಿನ ರೂಪವನ್ನು ಅವು ಉಳಿಸಿಕೊಂಡಿವೆ. ಅಜ಼ರ್ ತ್ಯಾಬ್ಜಿಯವರು ಭುಜ್‌ನ ಕಲೆ, ವಾಸ್ತು, ಇತಿಹಾಸಗಳನ್ನು ಕುರಿತು ಬರೆದು 2006ರಲ್ಲಿ ಪ್ರಕಟವಾದ ಗ್ರಂಥವನ್ನು ಇವುಗಳ ಜೊತೆಗಿಟ್ಟು ನೋಡಬೇಕು.

6. ಎಣಿಕೆಯ ಎಡೆಗಳು

ದಾಖಲೆಗಳ ನಡುವೆ ಇರುವ ಬಿಡುವುಗಳೂ ಸಂಶೋಧಕನಿಗೆ ತಿಳಿದಿರಬೇಕು. 2001ರ ಫೆಬ್ರವರಿ ದೇಶದಲ್ಲೆಲ್ಲ ಜನಗಣತಿಯ ತಿಂಗಳು. ಭೂಕಂಪದಿಂದಾಗಿ ಇಡೀ ಕಚ್ಛ ಜಿಲ್ಲೆಯಲ್ಲಿಯೂ ಮೋರ್ವಿ, ಮಾಳಿಯಾ-ಮಿಯಾಣಾ, ವಾಂಕಾನೇರ್, ಜೋಡಿಯಾ ತಾಲೂಕುಗಳಲ್ಲಿಯೂ ಆಗ ಎಣಿಕೆ ನಡೆಯಲಿಲ್ಲ. ತಾತ್ಕಾಲಿಕ ಅಂಕಿಗಳಲ್ಲಿ ಈ ಪ್ರದೇಶಗಳಿಗೆ ಅಂದಾಜು ಸಂಖ್ಯೆಗಳನ್ನು ಬಳಸಲಾಯಿತು. 1991 ಮತ್ತು 2011ರ ನಡುವೆ ಭುಜ್‌ನ ಜನಸಂಖ್ಯೆಯ ಬೆಳವಣಿಗೆಯನ್ನು ಗುರುತಿಸುವವರು ನಡುವಿನ ಅಂಕಿಯನ್ನು ಉಳಿದವುಗಳಂತೆಯೇ ಭಾವಿಸಿದರೆ ತಪ್ಪು ತೀರ್ಮಾನಕ್ಕೆ ಬರುವ ಸಂಭವವಿದೆ. ಊರು ಅತಿ ಹೆಚ್ಚು ಬದಲಾದ ವರ್ಷದಲ್ಲಿಯೇ ಊರಿನ ಎಣಿಕೆ ಇಲ್ಲ.

ಸತ್ತವರ ಸಂಖ್ಯೆಯೂ ಸ್ಥಿರವಾಗಿರಲಿಲ್ಲ. ಆರಂಭದ ವರದಿಗಳಲ್ಲಿ 20,000ದ ಆಸುಪಾಸಿನ ಸಂಖ್ಯೆ ಕಾಣುತ್ತದೆ. ಗುಜರಾತ್ ಸರ್ಕಾರದ ನಂತರದ ಲೆಕ್ಕ 13,805. ಎರಡೂ ಸಂಖ್ಯೆಗಳು ಇಂದಿಗೂ ಪುಸ್ತಕಗಳಲ್ಲಿ ಉಳಿದಿವೆ. ಮೊದಲ ದಿನಗಳ ಎಣಿಕೆಯಲ್ಲಿ ಕಾಣೆಯಾದವರು, ಎರಡು ಕಡೆ ಬರೆಸಲ್ಪಟ್ಟವರು, ಬೇರೆಡೆಗೆ ಹೋದವರು ಬೆರೆತಿರುವುದು ಎಲ್ಲ ವಿಪತ್ತುಗಳಲ್ಲೂ ಉಂಟು. ದೊಡ್ಡ ಸಂಖ್ಯೆಯನ್ನು ಬಳಸುವುದರಿಂದ ದುಃಖ ದೊಡ್ಡದಾಗುವುದಿಲ್ಲ. ಯಾವ ಸಂಖ್ಯೆ, ಯಾವ ದಿನಾಂಕದ್ದು, ಯಾರದೆಂದು ಹೇಳುವುದು ಸತ್ತವರಿಗೂ ಸಲ್ಲುವ ಗೌರವ.

7. ನೆನಪಿನ ಆಕರಗಳು

ಆಡಳಿತದ ದಾಖಲೆಯ ಆಚೆಗಿನ ಆಕರಗಳೂ ಉಂಟು. ಭುಜ್‌ನಿಂದ ಹೊರಡುವ ಗುಜರಾತಿ ದಿನಪತ್ರಿಕೆ ‘ಕಚ್ಛಮಿತ್ರ’ದ ಸಂಚಿಕೆಗಳು ಊರಿನ ಒಳಗಿನ ದನಿಯನ್ನು ಕೇಳಿಸುತ್ತವೆ. ಕಚ್ಛೀ ಭಾಷೆಗೆ ಬರಹದ ಬಳಕೆ ಕಡಿಮೆ, ಆದ್ದರಿಂದ ಜನರ ಬಾಯಿಮಾತಿನ ನಿರೂಪಣೆಗಳಿಗೆ ಹೆಚ್ಚಿನ ಮಹತ್ವವಿದೆ. ಮುಂಬೈಯಲ್ಲಿ ತಲೆಮಾರುಗಳಿಂದ ನೆಲಸಿರುವ ಕಚ್ಛೀ ಸಮುದಾಯಗಳು ತವರಿನ ಪುನರ್ನಿರ್ಮಾಣಕ್ಕೆ ಹಣ ಸಂಗ್ರಹಿಸಿ ಕಳುಹಿಸಿದವು. ಊರು ಬಿಟ್ಟು ಹೊರಗಿದ್ದೂ ಊರಿನ ಜೊತೆಗಿನ ನಂಟನ್ನು ಉಳಿಸಿಕೊಂಡ ಸಮುದಾಯಗಳನ್ನು ಅಭ್ಯಸಿಸುವ ಹೊರನಾಡ ಕನ್ನಡಿಗರಿಗೆ ಈ ಸಂಗತಿ ವಿಶೇಷ ಆಸಕ್ತಿಯದಾಗಬಹುದು. ಉದ್ದೇಶಪೂರ್ವಕವಲ್ಲದ ದಾಖಲೆಗಳೂ ಇವೆ. ‘ಲಗಾನ್’ ಚಿತ್ರದ ಹೊರಾಂಗಣ ಚಿತ್ರೀಕರಣ ಭುಜ್‌ನ ಸಮೀಪದಲ್ಲಿ 2000ದಲ್ಲಿ ನಡೆಯಿತು. ಬಿಡುಗಡೆಯಾದುದು ಭೂಕಂಪವಾದ ನಂತರ, 2001ರ ಜೂನ್‌ನಲ್ಲಿ. ಆ ಚಿತ್ರದಲ್ಲಿರುವುದು ಭೂಕಂಪಕ್ಕೆ ಮುಂಚಿನ ಕಚ್ಛದ ಬಯಲು ಮತ್ತು ಅಲ್ಲಿನ ಜನ.

ಮಾನವಶಾಸ್ತ್ರಜ್ಞ ಎಡ್ವರ್ಡ್ ಸಿಂಪ್ಸನ್ ಕಚ್ಛದಲ್ಲಿ ದೀರ್ಘಕಾಲ ಕ್ಷೇತ್ರಕಾರ್ಯ ನಡೆಸಿ ಬರೆದ ಗ್ರಂಥವು ಭೂಕಂಪದ ನಂತರದ ರಾಜಕೀಯವನ್ನೂ ಮರೆವನ್ನೂ ತನ್ನ ವಸ್ತುವನ್ನಾಗಿ ಮಾಡಿಕೊಂಡಿದೆ. ಮರೆವೂ ಅಧ್ಯಯನಯೋಗ್ಯವೆಂಬುದು ಅದರ ಮುಖ್ಯ ಸೂಚನೆ. ಭುಜ್‌ಗೆ ರಾಜ್ಯಮಟ್ಟದ ಸ್ಮಾರಕ ದೊರೆಯಲು ಎರಡು ದಶಕಗಳು ಹಿಡಿದವು. ಭುಜಿಯಾ ಗುಡ್ಡದ ಮೇಲಿನ ‘ಸ್ಮೃತಿವನ’ 2022ರ ಆಗಸ್ಟ್ 28ರಂದು ಉದ್ಘಾಟನೆಯಾಯಿತು. ಗುಡ್ಡದ ಇಳಿಜಾರಿನಲ್ಲಿ ಮಳೆನೀರನ್ನು ತಡೆಯುವ ಒಡ್ಡುಗಳನ್ನು ಕಟ್ಟಿ, ಅಲ್ಲಿ ಮೃತರ ಹೆಸರುಗಳನ್ನು ಬರೆಸಲಾಗಿದೆ. 1819ರಲ್ಲಿ ಒಂದು ಸಂಖ್ಯೆಯಾಗಿ ಉಳಿದವರಿಗೆ ಹೋಲಿಸಿದರೆ 2001ರಲ್ಲಿ ಮಡಿದವರಿಗೆ ಹೆಸರಾದರೂ ಉಳಿಯಿತು. ದಾಖಲೀಕರಣದ ಇತಿಹಾಸದಲ್ಲಿ ಇದು ದೊಡ್ಡ ಅಂತರ.

ಕುಸಿದ ಆಸ್ಪತ್ರೆಯ ಬದಲಿಗೆ 2004ರಲ್ಲಿ ಎದ್ದ ಹೊಸ ಕಟ್ಟಡವನ್ನು ಸೀಸ ಮತ್ತು ರಬ್ಬರಿನ ಆಧಾರಗಳ ಮೇಲೆ ನಿಲ್ಲಿಸಲಾಗಿದೆ. ನೆಲ ಜಗ್ಗಿದಾಗ ಆ ಜಗ್ಗಾಟ ಕಟ್ಟಡಕ್ಕೆ ನೇರವಾಗಿ ತಾಗದಂತೆ ಅವು ತಡೆಯುತ್ತವೆ. ಬಿದ್ದ ಕಟ್ಟಡ ಏಕೆ ಬಿತ್ತೆಂಬುದರ ದಾಖಲೆ ಮುಂದಿನ ಕಟ್ಟಡಕ್ಕೆ ಹೇಗೆ ತಳಹದಿಯಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

8. ಸಮಾರೋಪ

ಮೇಲಿನ ವಿವೇಚನೆಯಿಂದ ಕೆಲವು ಮಾತುಗಳನ್ನು ಸಂಗ್ರಹಿಸಿ ಹೇಳಬಹುದು. ಮೊದಲನೆಯದಾಗಿ, ಹಾನಿಯ ದಾಖಲೆಗಳೆಲ್ಲ ಒಂದೇ ಜಾತಿಯವಲ್ಲ. ಭೂವಿಜ್ಞಾನಿ ನೆಲವನ್ನು, ಎಂಜಿನಿಯರು ಕಟ್ಟಡವನ್ನು, ಕಂದಾಯಾಧಿಕಾರಿ ಒಡೆತನವನ್ನು, ಯೋಜಕ ನಿವೇಶನವನ್ನು ದಾಖಲಿಸುತ್ತಾನೆ. ಬಾಡಿಗೆದಾರ, ಅಂಗಡಿಯ ಜಗಲಿಯಲ್ಲಿ ವ್ಯಾಪಾರ ಮಾಡುತ್ತಿದ್ದವನು, ಕೂಡುಮನೆಯ ವಿಧವೆ ಇವರು ಈ ನಾಲ್ಕು ಜಾಲರಿಗಳಿಂದಲೂ ಜಾರಿಹೋಗಬಹುದು. ಒಂದು ಆಕರದ ಬಿರುಕನ್ನು ಇನ್ನೊಂದರಿಂದ ತುಂಬುವುದಷ್ಟೇ ಸಂಶೋಧಕನಿಗೆ ಉಳಿದ ದಾರಿ.

ಎರಡನೆಯದಾಗಿ, ದರ್ಜೆ, ಗಡಿ, ಕಂತು ಇವುಗಳನ್ನು ಬರೆದ ಕಾಗದಗಳು ಘಟನೆಯ ಸಾಕ್ಷಿಗಳಷ್ಟೇ ಅಲ್ಲದೆ ಘಟನೆಯ ಅಂಗಗಳೂ ಹೌದು. ಅವುಗಳಲ್ಲಿನ ಒಂದು ತಿದ್ದುಪಡಿಯ ಹಿಂದೆ ಒಂದು ಕುಟುಂಬದ ಅಲೆದಾಟವಿರುತ್ತದೆ. ಅಂತಿಮ ಕೋಷ್ಟಕದಲ್ಲಿ ಕಾಣುವುದು ತಿದ್ದಿದ ಅಂಕೆ ಮಾತ್ರ. ಆದ್ದರಿಂದ ಕೋಷ್ಟಕಗಳಿಗಿಂತ ಅವುಗಳ ಹಿಂದಿನ ಅರ್ಜಿ, ಆಕ್ಷೇಪ, ವಿಚಾರಣೆಯ ಕಡತಗಳು ಚರಿತ್ರಕಾರನಿಗೆ ಹೆಚ್ಚು ಬೆಲೆಯುಳ್ಳವು.

ಮೂರನೆಯದು ಕಾಲದ ಪ್ರಶ್ನೆ. ಸರ್ಕಾರಿ ಕಚೇರಿಗಳಲ್ಲಿ ಕಡತಗಳನ್ನು ಇಟ್ಟುಕೊಳ್ಳುವುದಕ್ಕೆ ಅವಧಿಯ ಕಟ್ಟುಪಾಡಿರುತ್ತದೆ. ವೈಜ್ಞಾನಿಕ ವರದಿಗಳು ಗ್ರಂಥಾಲಯಗಳಲ್ಲಿ ಉಳಿಯುತ್ತವೆ. ಮನೆಯ ಮೂರನೆಯ ಕಂತಿಗೆ ಎಂಜಿನಿಯರು ಹಾಕಿದ ಸಹಿ ಹಾಗೆ ಉಳಿಯುತ್ತದೆಂಬ ಭರವಸೆಯಿಲ್ಲ. 2001ರಲ್ಲಿ ಇಪ್ಪತ್ತರ ಹರೆಯದವರಾಗಿದ್ದವರು ಇಂದು ನಡುವಯಸ್ಸು ದಾಟುತ್ತಿದ್ದಾರೆ. ಕೋಟೆಯೊಳಗಿನ ಹಳೆಯ ಕೇರಿಗಳನ್ನು ಹೆಸರಿಸಿ ತೋರಿಸಬಲ್ಲ ಹಿರಿಯರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. 1819ರ ನಂತರದ ಭುಜ್ ಹೇಗೆ ಚೇತರಿಸಿಕೊಂಡಿತೆಂದು ಕೇಳಲು ಇಂದು ಯಾರೂ ಉಳಿದಿಲ್ಲ. 2001ರ ನಂತರದ ಭುಜ್ ಹೇಗೆ ಚೇತರಿಸಿಕೊಂಡಿತೆಂದು ಕೇಳಲು ಇನ್ನೂ ಅವಕಾಶವಿದೆ. ಆ ಕೆಲಸಕ್ಕೆ ಕಾಗದ, ನಕ್ಷೆ, ಮಾತು ಮೂರನ್ನೂ ಒಂದೇ ಮೇಜಿನ ಮೇಲೆ ತರಬಲ್ಲ, ಗುಜರಾತಿ ಕಡತವನ್ನು ಓದಿ ಕಚ್ಛೀ ಮಾತನ್ನು ಕೇಳಿಸಿಕೊಳ್ಳಬಲ್ಲ ಅಭ್ಯಾಸಿಗಳು ಬೇಕಾಗಿದ್ದಾರೆ.